ಹದಿನಾರು ತಾಸು ನೀರಾಗ: ಆರತಿ ಸಹಾ ದಮ್ಮು ಕಟ್ಟಿದ್ದು ಹ್ಯಾಂಗ?

ಚಿಕ್ಕಪಡಸಲಗಿ: ನಮ್ಮ ಕಡೆ ಒಬ್ಬ ಹುಡುಗನಿಗೆ ಈಸಾಕ ಬರ್ತೈತಿ ಅಂದ್ರ, ಬಾವಿಗೆ ಜಿಗಿದು ಮತ್ತ ಮ್ಯಾಲೆ ಬರ್ತಾನ ಅಂತ ಅರ್ಥ. ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಬಾವಿಗೆ ಇಳಿದು, ನಾಲ್ಕು ದಿನಕ್ಕೆ ಬೆಂಡು ಬಿಚ್ಚಿ, ಎಂಟನೇ ದಿನಕ್ಕೆ ಮೆಟ್ಟಿಲ ಮೇಲಿಂದ ಹಾರಿದರೆ ಕಲಿಕೆ ಮುಗೀತು. ನಾನೂ ಹಂಗೇ ಕಲಿತವನು. ಆದರೆ ಒಮ್ಮೆ ನಿಲ್ಲದೆ ಅರ್ಧ ತಾಸು ಈಸು ಅಂದ್ರೆ ನಮ್ಮಲ್ಲಿ ಬಹುಪಾಲು ಮಂದಿ ಹತ್ತೇ ನಿಮಿಷಕ್ಕೆ ಉಸಿರು ಬಿಟ್ಟು ದಂಡಿ ಹಿಡೀತೀವಿ. ಈಜು ಬರೋದು ಬೇರೆ, ಈಜಿನ ದಮ್ಮು ಬೇರೆ.

ಆ ದಮ್ಮನ್ನು ಒಂದು ಹುಡುಗಿ ಹೇಗೆ ವರ್ಷಗಟ್ಟಲೆ ಕಟ್ಟಿಕೊಂಡಳು ಅನ್ನೋದನ್ನ ಇವತ್ತು ಹೇಳಬೇಕು. ಆಕೆ ನಮ್ಮ ಜಿಲ್ಲೆಯವಳಲ್ಲ, ಕನ್ನಡದವಳೂ ಅಲ್ಲ. ಕೃಷ್ಣೆಯ ದಂಡಿ ಮ್ಯಾಲಿನ ನಮಗೆ ಆಕೆಯ ಕತೆ ಹತ್ತಿರದ್ದು ಅನಿಸೋದಕ್ಕೆ ಕಾರಣ, ಆಕೆಯೂ ಹೊಳಿ ಘಾಟಿನಲ್ಲೇ ಕೈಕಾಲು ಬಡಿಯೋದು ಕಲಿತವಳು. ಹೆಸರು ಆರತಿ ಸಹಾ. ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆ.

ಆರತಿ ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು, ಕೋಲ್ಕತ್ತದ ಸಾಧಾರಣ ಮನೆತನದಲ್ಲಿ. ತಂದೆ ಸೈನ್ಯದಲ್ಲಿ ನೌಕರಿಗಿದ್ದರು. ಮಗು ಎರಡೂವರೆ ವರ್ಷದ್ದಿರುವಾಗಲೇ ತಾಯಿ ತೀರಿಕೊಂಡರು. ಅಣ್ಣ ಮತ್ತು ತಂಗಿ ಭಾರತಿ ಸೋದರಮಾವನ ಮನೆ ಸೇರಿದರು. ಆರತಿ ಉತ್ತರ ಕೋಲ್ಕತ್ತದಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ನಾಲ್ಕು ವರ್ಷದ ಹೊತ್ತಿಗೆ ಚಾಂಪಾತಲಾ ಘಾಟಿಗೆ ಸ್ನಾನಕ್ಕೆ ಹೋಗುವಾಗ ದೊಡ್ಡವರ ಜೊತೆ ನೀರಿಗಿಳಿದು ಈಸೋದು ಕಲಿತಳು. ಮಗಳು ನೀರು ಬಿಟ್ಟು ಮೇಲೆ ಬರಲು ಒಲ್ಲೆ ಅನ್ನೋದನ್ನು ನೋಡಿದ ತಂದೆ ಹಾಟಖೋಲಾ ಈಜು ಕ್ಲಬ್ಬಿಗೆ ಸೇರಿಸಿದರು.

ಅಲ್ಲಿ ಆಕೆಯನ್ನು ಗುರುತಿಸಿ ತಿದ್ದಿದವರು ಸಚಿನ್ ನಾಗ್. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದು ಭಾರತಕ್ಕೆ ಆ ಕೂಟದ ಮೊದಲ ಚಿನ್ನ ತಂದವರು ಇವರೇ. ಅಂಥವರ ಕಣ್ಣಿಗೆ ಬಿದ್ದದ್ದು ಈ ಹುಡುಗಿಯ ಭಾಗ್ಯ.

1946ರಲ್ಲಿ, ಇನ್ನೂ ಆರು ತುಂಬದ ವಯಸ್ಸಿನಲ್ಲಿ, 110 ಗಜದ ಫ್ರೀಸ್ಟೈಲ್ ಗೆದ್ದಳು. ಅಲ್ಲಿಂದ 1951ರವರೆಗೆ ಬಂಗಾಳದ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ಗೆಲ್ಲುತ್ತಲೇ ಹೋದಳು. 1951ರಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು 1 ನಿಮಿಷ 37.6 ಸೆಕೆಂಡಿನಲ್ಲಿ ಮುಗಿಸಿ, ಡಾಲಿ ನಜೀರ್ ಹೆಸರಲ್ಲಿದ್ದ ರಾಷ್ಟ್ರೀಯ ದಾಖಲೆ ಮುರಿದಳು. ಮರುವರ್ಷ ಅದೇ ಡಾಲಿ ನಜೀರ್ ಜೊತೆ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋದಳು. ಆಗ ಆಕೆಗೆ 11 ವರ್ಷ! ನಮ್ಮ ಮನೆಯ ಹುಡುಗ್ಯಾರು ಆರನೇ ಇಯತ್ತೆ ಓದುವ ವಯಸ್ಸು. ಭಾರತ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಹೀಟ್ಸ್‌ನಲ್ಲಿ 3 ನಿಮಿಷ 40.8 ಸೆಕೆಂಡ್ ತೆಗೆದುಕೊಂಡು, ಅಲ್ಲಿಗೇ ಹೊರಬಿದ್ದಳು.

ಊರಿಗೆ ಬಂದ ಮೇಲೆ ಇನ್ನೊಂದು ಪೆಟ್ಟು. 100 ಮೀಟರ್ ಫ್ರೀಸ್ಟೈಲಿನಲ್ಲಿ ಸ್ವಂತ ತಂಗಿ ಭಾರತಿಯೇ ಆಕೆಯನ್ನು ಹಿಂದೆ ಹಾಕಿದಳು. ಅಂದಿನಿಂದ ಆರತಿ ಬ್ರೆಸ್ಟ್‌ಸ್ಟ್ರೋಕ್ ಕಡೆಗೇ ಲಕ್ಷ್ಯ ಕೊಟ್ಟಳು. ಜೊತೆಗೆ ಗಂಗೆಯಲ್ಲಿ ನಡೆಯುತ್ತಿದ್ದ ದೂರದ ಈಜಿನ ಸ್ಪರ್ಧೆಗಳಲ್ಲೂ ಪಾಲ್ಗೊಳ್ಳುತ್ತಿದ್ದಳು. ನನ್ನ ಲೆಕ್ಕದಲ್ಲಿ ಆಕೆಯ ನಿಜವಾದ ಜೀವನ ಶುರುವಾದದ್ದು ಈ ಹೊಳಿಯ ಸ್ಪರ್ಧೆಗಳಲ್ಲಿ.

ಇಲ್ಲಿ ಸ್ವಲ್ಪ ನಿಂತು ಈಜಿನ ದಮ್ಮು ಅಂದ್ರೇನು ನೋಡೋಣ. 50, 100 ಮೀಟರ್ ಅಂದರೆ ಸ್ಪ್ರಿಂಟ್. ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಸುರಿದು ಮುಗಿಸಿಬಿಡಬಹುದು. 200, 400 ಮೀಟರ್ ಮಧ್ಯಮ ದೂರ. 800, 1500 ದೂರದ ಸ್ಪರ್ಧೆ. ದೂರ ಹೆಚ್ಚಿದಂತೆ ಆಟ ಸ್ನಾಯುವಿನ ಕೈಯಿಂದ ಎದೆಯ ಕೈಗೆ ಹೋಗುತ್ತದೆ. ಗುಂಡಿಗೆ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಆ ರಕ್ತದ ಆಮ್ಲಜನಕವನ್ನು ಸ್ನಾಯು ಎಷ್ಟು ಬಳಸಿಕೊಳ್ಳುತ್ತದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಇದು ಒಂದು ತಿಂಗಳ ಶಿಬಿರದಲ್ಲಿ ಬರೋದಲ್ಲ. ವರ್ಷಗಳ ಕಾಲ, ತಿಂಗಳಿಂದ ತಿಂಗಳಿಗೆ ಸ್ವಲ್ಪಸ್ವಲ್ಪ ದೂರ ಏರಿಸುತ್ತಾ, ಬಹುಪಾಲು ದಿನ ನಿಧಾನವಾಗಿ ಈಜುತ್ತಾ ಬೆಳೆಸಿಕೊಳ್ಳುವಂಥದ್ದು.

ಈಗಿನ ಕೋಚ್‌ಗಳು ಇದಕ್ಕೊಂದು ಸರಳ ಪರೀಕ್ಷೆ ಇಡುತ್ತಾರೆ. 100 ಮೀಟರಿನಂತೆ 20 ಸಲ ಈಜು, ನಡುವೆ 15 ಸೆಕೆಂಡ್ ಮಾತ್ರ ವಿಶ್ರಾಂತಿ. ಮೊದಲನೇ ನೂರಕ್ಕೆ ಹಿಡಿದ ಸಮಯವೇ ಇಪ್ಪತ್ತನೇ ನೂರಕ್ಕೂ ಹಿಡಿಯಬೇಕು. ಹೊಸಬರು ಮೊದಲ ಐದನ್ನು ಜೋರಾಗಿ ಹೊಡೆದು, ಹತ್ತರ ಹೊತ್ತಿಗೆ ತೋಳು ಭಾರವಾಗಿ ಗೋಡೆ ಹಿಡಿದು ನಿಲ್ಲುತ್ತಾರೆ. ಗತಿ ಒಂದೇ ಇಡೋದು ಕಲಿತವನಿಗೆ 1500 ಮೀಟರ್ ಒಲಿಯುತ್ತದೆ. ಇನ್ನು ತಾಸುಗಟ್ಟಲೆ ಈಜೋದಾದರೆ ಹೊಟ್ಟೆಯ ಪ್ರಶ್ನೆಯೂ ಬರುತ್ತದೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಎರಡು ತಾಸಿನ ಆಸುಪಾಸು ಖಾಲಿಯಾಗುತ್ತಾ ಬರುತ್ತದೆ. ಆಮೇಲೆ ನೀರಿನಲ್ಲಿದ್ದುಕೊಂಡೇ ಸಿಹಿ ಪಾನೀಯ ಕುಡಿಯೋದನ್ನೂ, ಮೈಯ ಕೊಬ್ಬನ್ನು ಉರಿಸಿಕೊಳ್ಳೋದನ್ನೂ ದೇಹ ರೂಢಿ ಮಾಡಿಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಇಷ್ಟು ದಮ್ಮು ಎಲ್ಲಿಂದ ಬರಬೇಕು ಅಂತ ಆ ಕಾಲದ ದೊಡ್ಡವರಿಗೆ ಅನುಮಾನ ಇದ್ದಂಗಿತ್ತು. ಆರತಿ ಹೋದ ಹೆಲ್ಸಿಂಕಿಯಲ್ಲಿ ಮಹಿಳೆಯರಿಗೆ ಇದ್ದ ಅತಿ ಉದ್ದದ ಸ್ಪರ್ಧೆ 400 ಮೀಟರ್. 800 ಮೀಟರ್ ಬಂದದ್ದು 1968ರಲ್ಲಿ. ಗಂಡಸರು ಬಹಳ ಹಿಂದಿನಿಂದ ಈಜುತ್ತಿದ್ದ 1500 ಮೀಟರ್ ಮಹಿಳೆಯರ ಪಾಲಿಗೆ ಬಂದದ್ದು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ. ಅಂದರೆ ಆರತಿಯಂಥ ಹುಡುಗಿ ತನ್ನ ದಮ್ಮು ತೋರಿಸಬೇಕಾದರೆ ಈಜುಕೊಳದಲ್ಲಿ ಜಾಗವೇ ಇರಲಿಲ್ಲ. ಉಳಿದದ್ದು ಸಮುದ್ರ.

1958ರಲ್ಲಿ ಆ ದಾರಿ ತೆರೆಯಿತು. ಆಗಿನ ಪೂರ್ವ ಪಾಕಿಸ್ತಾನದ ಬ್ರೊಜೇನ್ ದಾಸ್ ಅವರು ಬಟ್ಲಿನ್ ಸ್ಪರ್ಧೆಯಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಗಂಡಸರಲ್ಲಿ ಮೊದಲಿಗರಾದರು. ಅವರಿಗಿಂತ ಮೊದಲು ದಡ ಮುಟ್ಟಿದ್ದು ಡೆನ್ಮಾರ್ಕ್ ಮೂಲದ ಗ್ರೇಟಾ ಆಂಡರ್ಸನ್, ಒಬ್ಬ ಹೆಣ್ಣುಮಗಳು! ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಿಹಿರ್ ಸೇನ್ ಕಾಲುವೆ ದಾಟಿದ ಮೊದಲ ಭಾರತೀಯರಾದರು. ಆರತಿ ಬ್ರೊಜೇನ್ ದಾಸರಿಗೆ ಅಭಿನಂದನೆ ಕಳಿಸಿದಳು. ಮುಂದಿನ ವರ್ಷದ ಸ್ಪರ್ಧೆಗೆ ಆಕೆಯ ಹೆಸರನ್ನು ಅವರೇ ಸಂಘಟಕರಿಗೆ ಸೂಚಿಸಿದರು.

ಹೆಸರು ಹೋದರೆ ಸಾಕೇ? ರೊಕ್ಕ ಬೇಕಲ್ಲ. ಕ್ಲಬ್ಬಿನ ಡಾ. ಅರುಣ್ ಗುಪ್ತಾ ಮುಂದೆ ನಿಂತು ಊರೂರಲ್ಲಿ ಈಜಿನ ಪ್ರದರ್ಶನ ಇಟ್ಟು ಹಣ ಕೂಡಿಸಿದರು. ಅದೂ ಸಾಲಲಿಲ್ಲ. ಕೊನೆಗೆ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರ ಬಾಗಿಲಿಗೆ ಹೋದಾಗ 11,000 ರೂಪಾಯಿ ಸಿಕ್ಕಿತು. ಸರ್ಕಾರ ಕಟ್ಟಲಿ ಅಂತ ಕಾಯದೆ ರೈತರೇ ಬೆವರು ಮತ್ತು ರೊಕ್ಕ ಕೂಡಿಸಿ 1989ರಲ್ಲಿ ಇಲ್ಲಿ ಶ್ರಮಬಿಂದು ಸಾಗರ ಬ್ಯಾರೇಜ್ ಕಟ್ಟಿದ ಕತೆ ಗೊತ್ತಿರೋ ನಮ್ಮ ಓದುಗರಿಗೆ ಈ ಪಟ್ಟಿ ವಸೂಲಿಯ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ತಯಾರಿ ನಡೆದಿತ್ತು. 1959ರ ಏಪ್ರಿಲ್ 13ರಂದು ಕೋಲ್ಕತ್ತದ ದೇಶಬಂಧು ಪಾರ್ಕಿನ ಕೆರೆಯಲ್ಲಿ, ಹೆಸರಾಂತ ಈಜುಗಾರರು ಮತ್ತು ಸಾವಿರಾರು ಜನರ ಎದುರು, ಆರತಿ ಎಂಟು ತಾಸು ನಿಲ್ಲದೆ ಈಜಿದಳು. ಮುಂದೆ ಅದನ್ನು ಇಮ್ಮಡಿ ಮಾಡಿದಳು, ಸತತ 16 ತಾಸು. ಆ 16 ತಾಸಿನ ಕೊನೆಗೆ ಉಳಿದ 70 ಮೀಟರನ್ನು ಆಕೆ ಸ್ಪ್ರಿಂಟ್ ಹೊಡೆದಳು, ದಣಿವಿನ ಗುರುತೇ ಕಾಣಲಿಲ್ಲ. ದೂರದ ಈಜು ಬಲ್ಲವರು ನೋಡೋದು ಈ 70 ಮೀಟರನ್ನೇ. ತಾಸುಗಳ ಲೆಕ್ಕ ಹಟದಿಂದಲೂ ತುಂಬಬಹುದು. ಕೊನೆಗೆ ಗತಿ ಏರಿಸಬೇಕೆಂದರೆ ಗಂಟಿನಲ್ಲಿ ಇನ್ನೂ ಏನಾದರೂ ಉಳಿದಿರಲೇಬೇಕು.

ಜುಲೈ 24ರಂದು ಡಾ. ಗುಪ್ತಾ ಅವರನ್ನು ಮ್ಯಾನೇಜರ್ ಮಾಡಿಕೊಂಡು ಇಂಗ್ಲೆಂಡಿಗೆ ಹೊರಟಳು. ಆಗಸ್ಟ್ 13ರಿಂದ ಕಾಲುವೆಯ ನೀರಿನಲ್ಲೇ ಅಭ್ಯಾಸ. ಅಂದರೆ ಸಮುದ್ರಕ್ಕೆ ಒಗ್ಗಲು ಸಿಕ್ಕದ್ದು ಬರೀ ಎರಡು ವಾರ. ಕೆರೆಯಲ್ಲಿ ಎಷ್ಟೇ ತಾಸು ಈಜಿದರೂ ಕಲಿಯಲಾಗದ ಎರಡು ಸಂಗತಿ ಅಲ್ಲಿದ್ದವು. ಒಂದು ಥಂಡಿ. ಬೇಸಿಗೆ ಮುಗಿಯುವ ಹೊತ್ತಿನಲ್ಲೂ ಆ ನೀರು 16-17 ಡಿಗ್ರಿ ಆಸುಪಾಸು ಇರುತ್ತದೆ, ಮೈಯ ಕಾವನ್ನು ಗಾಳಿಗಿಂತ ಹಲವು ಪಟ್ಟು ಬೇಗ ಎಳೆದುಬಿಡುತ್ತದೆ. ಎರಡನೆಯದು ಸೆಳವು. ಸುಮಾರು ಆರು ತಾಸಿಗೊಮ್ಮೆ ಸಮುದ್ರದ ಹರಿವು ದಿಕ್ಕು ಬದಲಿಸುತ್ತದೆ. ಈಜುಗಾರ ನೇರ ಹೋಗುತ್ತೇನೆ ಅಂದರೂ ನೀರು ಆತನನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಎಳೆಯುತ್ತದೆ. ಪಕ್ಕದಲ್ಲಿ ಬರುವ ದೋಣಿಯನ್ನು ಮುಟ್ಟಿದರೆ ಈಜು ರದ್ದು.

ಆಗಸ್ಟ್ 27, ರಾತ್ರಿ ಒಂದು ಗಂಟೆ. ಫ್ರಾನ್ಸಿನ ಕೇಪ್ ಗ್ರಿ ನೇ ದಂಡೆಯಲ್ಲಿ 23 ದೇಶಗಳ 58 ಮಂದಿ, ಅವರಲ್ಲಿ ಐವರು ಮಹಿಳೆಯರು. ಆರತಿಯ ದಾರಿ ತೋರಿಸಬೇಕಾದ ದೋಣಿ ಬರಲಿಲ್ಲ. 40 ನಿಮಿಷ ತಡವಾಗಿ ಬಂತು. ಮುಂದಿನ ದಂಡೆಯ ಹತ್ತಿರ ಹೋಗುವ ಹೊತ್ತಿಗೆ ಸೆಳವು ತಿರುಗುವ ಮೊದಲೇ ದಾಟಬೇಕೆಂಬ ಲೆಕ್ಕವಿರುವಲ್ಲಿ 40 ನಿಮಿಷ ಅಂದರೆ ಸಣ್ಣದಲ್ಲ. ಬೆಳಿಗ್ಗೆ 11ರ ಹೊತ್ತಿಗೆ ಇಂಗ್ಲೆಂಡಿನ ದಂಡೆ ಐದು ಮೈಲಿನಷ್ಟೇ ಉಳಿದಿತ್ತು. ಆಗ ಎದುರು ಸೆಳವು ಶುರುವಾಯಿತು. ಸಂಜೆ ನಾಲ್ಕರವರೆಗೆ ಕೈ ಬಡಿದರೂ ಮುಂದೆ ಸಾಗಿದ್ದು ಎರಡು ಮೈಲು. ಮೂರು ಮೈಲು ಉಳಿದಿರುವಾಗ ದೋಣಿಯವರ ಒತ್ತಾಯಕ್ಕೆ ಈಜು ನಿಲ್ಲಿಸಬೇಕಾಯಿತು. ಆಕೆಗೆ ಇನ್ನೂ ಮುಂದುವರಿಯುವ ಮನಸ್ಸಿತ್ತು.

ಅಲ್ಲಿಂದ ಊರಿಗೆ ಹೊರಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಮ್ಯಾನೇಜರ್ ಗುಪ್ತಾ ಅವರಿಗೂ ಆರೋಗ್ಯ ಸರಿ ಇರಲಿಲ್ಲ. ಆರತಿ ಮಾತ್ರ ಅಲ್ಲೇ ಉಳಿದು ಮತ್ತೆ ಅಭ್ಯಾಸಕ್ಕೆ ಇಳಿದಳು. ಅದೇ ಥಂಡಿ, ಅದೇ ಸೆಳವು. ನಡುವೆ ಸೆಪ್ಟೆಂಬರ್ 24ಕ್ಕೆ 19 ವರ್ಷ ತುಂಬಿತು. ಮೊದಲ ಸೋಲಿಗೂ ಎರಡನೇ ಯತ್ನಕ್ಕೂ ನಡುವಿನ 33 ದಿನಗಳೇ ಆಕೆಯ ಕಡೇ ಪಾಠ ಅಂತ ನಾನು ತಿಳಿದಿದ್ದೇನೆ. ಕೋಲ್ಕತ್ತದ ಕೆರೆ ಆಕೆಗೆ ಹೊತ್ತು ಕಲಿಸಿತ್ತು, ಸಮುದ್ರ ಕಲಿಸಬೇಕಾದದ್ದನ್ನು ಈ ಒಂದು ತಿಂಗಳು ಕಲಿಸಿತು.

ಸೆಪ್ಟೆಂಬರ್ 29ರಂದು ಮತ್ತೆ ಅದೇ ಕೇಪ್ ಗ್ರಿ ನೇಯಿಂದ ನೀರಿಗಿಳಿದಳು. ಅಲೆಗಳ ಜೊತೆ ಗುದ್ದಾಡಿ 16 ತಾಸು 20 ನಿಮಿಷಕ್ಕೆ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ಮುಟ್ಟಿ ತ್ರಿವರ್ಣ ಧ್ವಜ ಏರಿಸಿದಳು. ನೇರ ಅಳೆದರೆ ಕಾಲುವೆ 21 ಮೈಲು. ಸೆಳವು ಎಳೆದಾಡಿದ್ದನ್ನೂ ಸೇರಿಸಿ ಆಕೆ ಈಜಿದ್ದು 42 ಮೈಲು ಅನ್ನುತ್ತದೆ ದಾಖಲೆ. ಹೆಚ್ಚುಕಡಿಮೆ ಜಮಖಂಡಿಯಿಂದ ವಿಜಯಪುರಕ್ಕೆ ಬಸ್ಸಿನಾಗ ಹೋದಷ್ಟು ದೂರ! ಊರಿನ ಕೆರೆಯಲ್ಲಿ ಆಕೆ ರೂಢಿ ಮಾಡಿಕೊಂಡದ್ದು 16 ತಾಸು, ಸಮುದ್ರ ಕೇಳಿದ್ದು ಅದರ ಮೇಲೆ 20 ನಿಮಿಷ.

ಮೊದಲು ಅಭಿನಂದಿಸಿದವರು ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್. ಮರುದಿನ ಆಕಾಶವಾಣಿ ಸುದ್ದಿ ಬಿತ್ತರಿಸಿತು. 1960ರಲ್ಲಿ ಪದ್ಮಶ್ರೀ ಬಂತು. ಕ್ರೀಡೆಗಾಗಿ ಆ ಗೌರವ ಪಡೆದ ಮೊದಲ ಭಾರತೀಯ ಮಹಿಳೆ ಆಕೆ. ಡಾ. ಅರುಣ್ ಗುಪ್ತಾ ಅವರನ್ನೇ ಮದುವೆಯಾದಳು, ಒಬ್ಬ ಮಗಳು ಹುಟ್ಟಿದಳು. ರೈಲ್ವೆಯಲ್ಲಿ ನೌಕರಿ ಮಾಡಿದಳು.

ಒಂದು ಮಾತು ಹೇಳಿಬಿಡಬೇಕು. ಇದನ್ನು ಓದಿದ ಹುಡುಗರು ನಾಳೆಯೇ ಬ್ಯಾರೇಜ್ ಹಿನ್ನೀರಿಗೆ ಜಿಗಿದು ಆಚೆ ದಂಡಿಗೆ ಪಂದ್ಯ ಕಟ್ಟಬ್ಯಾಡ್ರಪಾ. ಕೃಷ್ಣೆಯಲ್ಲಿ ಸೆಳವೂ ಇದೆ, ಮೊಸಳೆಯೂ ಇದೆ. ಆರತಿ ಎಂಟು ತಾಸು ಈಜಿದ್ದು ಕಣ್ಣಿಟ್ಟು ಕಾಯುವ ಜನರ ನಡುವೆ, ಸಮುದ್ರದಲ್ಲಿ ಈಜಿದ್ದು ಪಕ್ಕದಲ್ಲಿ ದೋಣಿ ಇಟ್ಟುಕೊಂಡು. ದಮ್ಮು ಬೇಕೆಂದರೆ ಈಜುಕೊಳದಲ್ಲಿ, ಕಲಿಸುವವರ ಎದುರು, 200 ಮೀಟರಿನಿಂದ ಶುರು ಮಾಡಿ. ವಾರಕ್ಕೊಮ್ಮೆ ಸ್ವಲ್ಪ ಏರಿಸಿ. ಗಡಿಯಾರ ಹಿಡಿದು ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಎಷ್ಟು ವ್ಯತ್ಯಾಸ ಅಂತ ಬರೆದಿಡಿ. ಹೆಣ್ಣುಮಕ್ಕಳನ್ನೂ ಕಳಿಸಿ.

ಆರತಿ 1994ರ ಆಗಸ್ಟ್ 23ರಂದು ಕಾಮಾಲೆಯಿಂದ ಕೋಲ್ಕತ್ತದಲ್ಲಿ ತೀರಿಕೊಂಡಳು. 54 ತುಂಬಲು ಒಂದು ತಿಂಗಳು ಬಾಕಿ ಇತ್ತು. ಐದು ವರ್ಷದ ನಂತರ, 1999ರಲ್ಲಿ, ಅಂಚೆ ಇಲಾಖೆ ಆಕೆಯ ಚಿತ್ರವಿದ್ದ ಮೂರು ರೂಪಾಯಿ ಅಂಚೆಚೀಟಿ ಹೊರತಂದಿತು.