ಮೊನ್ಸಿಞೊರ್ ದಾಲ್ಗಾದೊ: ನಮ್ಮ ನುಡಿಗಳ ಬೇರನ್ನರಸಿದ ಗುರು

ಅಳದಂಗಡಿ ಮತ್ತು ಸುತ್ತಲಿನ ಊರುಗಳ ನಾವು ಹಲವು ಭಾಷೆಗಳ ನಡುವೆ ಬೆಳೆದವರು. ಮನೆಯಲ್ಲಿ ಕೊಂಕಣಿ, ಗದ್ದೆ ತೋಟಗಳಲ್ಲಿ ತುಳು, ಶಾಲೆ ಕಚೇರಿಗಳಲ್ಲಿ ಕನ್ನಡ. ಈ ಮೂರರಲ್ಲಿ ಯಾವುದನ್ನು ಆಡಿದರೂ ನಾಲ್ಕನೆಯದೊಂದು ಭಾಷೆ ನಮಗರಿವಿಲ್ಲದೆಯೇ ನಾಲಗೆಯ ಮೇಲೆ ಸುಳಿಯುತ್ತದೆ. ಚಾವಿ, ಮೇಸ್ತ್ರಿ, ಪಾದ್ರಿ, ಬಟಾಟೆ, ಅನಾನಸು, ಏಲಂ. ಕೊಂಕಣಿಯ ಇಗರ್ಜ್, ವಿಗಾರ್, ಫೆಸ್ತ್ – ಇವೆಲ್ಲವೂ ಪೋರ್ತುಗೀಸ್ ಮೂಲದವು. ಈ ಮಾತುಗಳ ಹುಟ್ಟನ್ನು ಅರಸುವುದರಲ್ಲಿಯೇ ಬಾಳನ್ನು ಸವೆಸಿದ ಗುರುವರ್ಯರೊಬ್ಬರನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಸೆಬಾಸ್ತಿಯಾನ್ ರೊಡೊಲ್ಫೊ ದಾಲ್ಗಾದೊ ಅವರು 1855ನೆಯ ಇಸವಿ ಮೇ 8ರಂದು ಗೋವೆಯ ಬಾರ್ದೇಶದ ಅಸ್ಸಗಾಂವ್ ಗ್ರಾಮದಲ್ಲಿ ಜನಿಸಿದರು. ರಾಯ್ತೂರಿನ ಗುರುಮಠದಲ್ಲಿ ವಿದ್ಯಾಭ್ಯಾಸ ನಡೆಸಿ 1881ರಲ್ಲಿ ಯಾಜಕದೀಕ್ಷೆಯನ್ನು ಪಡೆದರು. ಆ ಬಳಿಕ ರೋಮಾಪುರಿಗೆ ತೆರಳಿ ಧರ್ಮಸಭೆಯ ಕಾನೂನು ಹಾಗೂ ರೋಮನ್ ಕಾನೂನುಗಳಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದರು. 1884ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ದೊರೆತದ್ದು ಪೀಠದ ಸುಖವಲ್ಲ, ಸಂಚಾರದ ಸೇವೆ. ಸಿಂಹಳದಲ್ಲಿಯೂ ವಂಗದೇಶದಲ್ಲಿಯೂ ಶ್ರೇಷ್ಠಗುರುಗಳಾಗಿ ದುಡಿದರು. ನಮ್ಮ ಕರಾವಳಿಯ ಹೊನ್ನಾವರವೂ ಅವರ ಸೇವೆಯನ್ನು ಕಂಡಿತು. ಹೋದೆಡೆಯ ಜನರ ಮಾತನ್ನು ಕಲಿಯದೆ ಅವರೊಡನೆ ಬಾಳಲಾಗದೆಂಬುದು ಅವರ ನಡತೆಯಿಂದಲೇ ತಿಳಿಯುತ್ತದೆ. ಸಂಸ್ಕೃತ, ಮರಾಠಿ, ಬಂಗಾಳಿ, ಕನ್ನಡ ಮೊದಲಾದ ಭಾಷೆಗಳನ್ನು ಅವರು ವ್ಯಾಸಂಗ ಮಾಡಿದರು. ಸಿಂಹಳದ ಬಡಜನರು ಆಡುತ್ತಿದ್ದ ಮಿಶ್ರ ಪೋರ್ತುಗೀಸನ್ನು ಪಂಡಿತರು ಕೆಟ್ಟ ಭಾಷೆಯೆಂದು ಹಳಿದರೂ, ಇವರು ಅದರ ವ್ಯಾಕರಣವನ್ನು ಗೌರವದಿಂದ ಬಿಡಿಸಿ 1900ರಲ್ಲಿ ಗ್ರಂಥವನ್ನಾಗಿಸಿದರು.

ಆ ಕಾಲದ ಗೋವೆಯಲ್ಲಿ ಪೋರ್ತುಗೀಸ್ ಆಳುವವರ ಭಾಷೆ. ಹುದ್ದೆಗೂ ಮಾನಕ್ಕೂ ಅದೇ ಮೆಟ್ಟಿಲು. ಕೊಂಕಣಿ ಅಡುಗೆಮನೆಯ ಮಾತು. ಅದಕ್ಕೆ ಭಾಷೆಯೆಂಬ ಹೆಸರನ್ನು ಕೊಡಲೂ ಹಲವರು ಒಪ್ಪುತ್ತಿರಲಿಲ್ಲ, ಮರಾಠಿಯ ಉಪಭಾಷೆಯೆಂದು ತಳ್ಳಿಹಾಕುತ್ತಿದ್ದರು. ದಾಲ್ಗಾದೊ ಅವರು ಪೋರ್ತುಗೀಸಿನಲ್ಲಿ ಅಸಾಮಾನ್ಯ ಪಾಂಡಿತ್ಯವನ್ನು ಪಡೆದರು. ಆದರೆ ಆ ಮೆಟ್ಟಿಲನ್ನು ಹತ್ತಿ ತಾಯ್ನುಡಿಗೆ ಬೆನ್ನು ತಿರುಗಿಸಲಿಲ್ಲ. 1893ರಲ್ಲಿ ಮುಂಬಯಿಯಲ್ಲಿ ಅವರ ಕೊಂಕಣಿ–ಪೋರ್ತುಗೀಸ್ ನಿಘಂಟು ಪ್ರಕಟವಾಯಿತು. 1905ರಲ್ಲಿ ಲಿಸ್ಬನ್ನಿನಲ್ಲಿ ಪೋರ್ತುಗೀಸ್–ಕೊಂಕಣಿ ನಿಘಂಟು ಹೊರಬಂದಿತು. ಕೊಂಕಣಿ ಸ್ವತಂತ್ರ ಭಾಷೆಯೆಂದು ಅವರು ಸಾಧಿಸಿದರು. 1992ರಲ್ಲಿ ಕೊಂಕಣಿಗೆ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆತಾಗ, ಇಂತಹ ಹಿರಿಯರ ದುಡಿಮೆಯೇ ಫಲಿಸಿತೆನ್ನಬೇಕು.

1895ರಲ್ಲಿ ಅವರು ಲಿಸ್ಬನ್ನಿಗೆ ತೆರಳಿದರು. 1907ರಲ್ಲಿ ಅಲ್ಲಿನ ಸಾಹಿತ್ಯದ ಉನ್ನತ ವಿದ್ಯಾಪೀಠದಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. 1910ರ ಕ್ರಾಂತಿಯಲ್ಲಿ ಪೋರ್ತುಗಲ್ಲಿನ ಅರಸೊತ್ತಿಗೆ ಉರುಳಿತು. ಧರ್ಮಸಭೆಗೆ ಕಠಿಣ ದಿನಗಳು ಬಂದವು. ಮರುವರ್ಷ ಆ ವಿದ್ಯಾಪೀಠ ಲಿಸ್ಬನ್ ವಿಶ್ವವಿದ್ಯಾನಿಲಯದ ಭಾಗವಾಯಿತು. ಅಲ್ಲಿ ಗೋವೆಯ ಈ ಗುರುಗಳು ತಮ್ಮ ಅಧ್ಯಯನವನ್ನು ಬಿಡದೆ ಮುಂದುವರಿಸಿದರು.

1913ರಲ್ಲಿ ಕೊಯಿಂಬ್ರಾದಲ್ಲಿ ಪ್ರಕಟವಾದ ಅವರ ಗ್ರಂಥವು, ಏಷ್ಯದ ಸುಮಾರು 50 ಭಾಷೆಗಳಲ್ಲಿ ಬೆರೆತ ಪೋರ್ತುಗೀಸ್ ಶಬ್ದಗಳನ್ನು ಒಂದೊಂದಾಗಿ ಗುರುತಿಸುತ್ತದೆ. ಪೋರ್ತುಗೀಸ್ ಪದವೊಂದನ್ನು ಕೊಟ್ಟು, ಅದು ಯಾವ ಯಾವ ಭಾಷೆಯಲ್ಲಿ ಯಾವ ರೂಪವನ್ನು ತಾಳಿತೆಂಬುದನ್ನು ಕ್ರಮವಾಗಿ ತೋರಿಸುವುದು ಅದರ ವಿಧಾನ. ಆ ಸಾಲಿನಲ್ಲಿ ನಮ್ಮ ಕನ್ನಡವೂ ತುಳುವೂ ಸ್ಥಾನ ಪಡೆದಿವೆ. 1936ರಲ್ಲಿ ಬರೋಡದಿಂದ ಇದರ ಇಂಗ್ಲಿಷ್ ಅನುವಾದ ಹೊರಬಂದಿತು. ಹಡಗುಗಳೊಡನೆ ಬಂದ ಮಾತು ಇಲ್ಲಿ ಇಳಿಯಿತು, ನಿಜ; ಆದರೆ ಬರಿಗೈಯಲ್ಲಿ ಮರಳಲಿಲ್ಲ. ನಮ್ಮ ಅಡಕೆಯ ಸೋದರಪದವಾದ ಮಲೆಯಾಳದ ಅಡಕ್ಕ ಪೋರ್ತುಗೀಸಿನಲ್ಲಿ ಅರೇಕ ಆಯಿತು. ಬಡವರ ಗಂಜಿ ಲಿಸ್ಬನ್ನಿನ ಊಟದ ಮೇಜಿನ ಮೇಲೆ ಕಾಂಜ ಎನಿಸಿತು. ಹೀಗೆ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದ ಪದಗಳನ್ನು 1919 ಮತ್ತು 1921ರಲ್ಲಿ ಎರಡು ಸಂಪುಟಗಳಾಗಿ ಬಂದ ಶಬ್ದಕೋಶದಲ್ಲಿ ಅವರು ಸಂಗ್ರಹಿಸಿದರು. ಅರಸರ ಭಾಷೆಯೂ ಸಾಲಗಾರನೆಂಬ ಸತ್ಯವನ್ನು ಅರಸರ ನಗರದಲ್ಲಿಯೇ ಕುಳಿತು, ಯಾರ ಮನಸ್ಸನ್ನೂ ನೋಯಿಸದೆ ಸಿದ್ಧಪಡಿಸಿದ ಹಿರಿಮೆ ಅವರದು.

ಈ ಮಹಾಕಾರ್ಯ ನಡೆದ ಸನ್ನಿವೇಶವನ್ನು ನೆನೆದರೆ ನಮ್ಮ ಹೃದಯ ಕರಗುತ್ತದೆ. ವ್ಯಾಧಿಪೀಡಿತರಾದ ಅವರು ತಮ್ಮ ಎರಡೂ ಕಾಲುಗಳನ್ನು ಕಳೆದುಕೊಂಡರು. ಕೊನೆಯ ವರ್ಷಗಳು ಗಾಲಿಕುರ್ಚಿಯಲ್ಲಿಯೇ ಸಂದವು. ಗುರುಗಳು ವಿದ್ಯಾಲಯಕ್ಕೆ ಹೋಗಲಾರದಾದಾಗ ವಿದ್ಯಾರ್ಥಿಗಳೇ ಗುರುಗಳ ಮನೆಗೆ ಬಂದು ಪಾಠ ಕೇಳಿದರು. ಕುಳಿತೇ ಬಲಿಪೂಜೆಯನ್ನು ಅರ್ಪಿಸಲು ಜಗದ್ಗುರುಗಳ ವಿಶೇಷ ಅನುಮತಿ ದೊರೆಯಿತು. ದೇಹ ಕುಗ್ಗಿದಷ್ಟೂ ಲೇಖನಿ ಚುರುಕಾಯಿತು. ಕೊಂಕಣಿ ಗಾದೆಗಳ ಸಂಗ್ರಹವು 1922ರಲ್ಲಿ ಬೆಳಕು ಕಂಡಿತು. ಅದೇ ವರ್ಷದ ಏಪ್ರಿಲ್ 4ರಂದು, ತಮ್ಮ 66ನೆಯ ವಯಸ್ಸಿನಲ್ಲಿ, ಲಿಸ್ಬನ್ನಿನಲ್ಲಿ ಅವರು ಪ್ರಭುಪಾದವನ್ನು ಸೇರಿದರು. ಐವತ್ತು ಭಾಷೆಗಳಲ್ಲಿ ಸುತ್ತಾಡಿದ ಆ ಮನಸ್ಸು ಕಡೆಗೆ ನೆಲೆಸಿದ್ದು ತಾಯಂದಿರ ಗಾದೆಮಾತಿನಲ್ಲಿ.

ಇಂದು ನಮ್ಮ ಮಕ್ಕಳು ದೂರದ ವಿಶ್ವವಿದ್ಯಾನಿಲಯಗಳಿಗೆ ತೆರಳಿ ಪರಭಾಷೆಗಳನ್ನು ಕಲಿಯುತ್ತಿದ್ದಾರೆ. ಕಲಿಯಲಿ, ಪಾರಂಗತರಾಗಲಿ. ಆದರೆ ಕಲಿತ ಭಾಷೆಯ ದೀಪವನ್ನು ಹಿಡಿದು ಮನೆಯ ಮಾತನ್ನೊಮ್ಮೆ ನೋಡಲಿ. ಅಜ್ಜಿಯರ ನಾಲಗೆಯ ಮೇಲಿರುವ ಕೊಂಕಣಿ, ತುಳು ಗಾದೆಗಳನ್ನು ಅವು ಮರೆಯಾಗುವ ಮುನ್ನ ಬರೆದಿಡಲಿ. ಮೊನ್ಸಿಞೊರ್ ದಾಲ್ಗಾದೊ ಅವರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಇದಕ್ಕಿಂತ ಮಿಗಿಲಾದದ್ದಿಲ್ಲ.