ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್, ಊರಲ್ಲಿ ಕಂಪನಿ ತಂಡದ ಆಟ: ಮುಂಬೈನ ನೆವಿಲ್ ಡಿಸೋಜಾ ಎಂಬ ಮರೆತುಹೋದ ಸ್ಟ್ರೈಕರ್

ಫುಟ್ಬಾಲ್ ವಿಶ್ವಕಪ್ ಬಂದಾಗಲೆಲ್ಲ ನಮ್ಮಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ದೊಡ್ಡ ದೇಶದಲ್ಲಿ ಆಡೋಕೆ ಹನ್ನೊಂದು ಜನ ಸಿಗುವುದಿಲ್ಲವೇ? ಆದರೆ ಒಂದು ಕಾಲದಲ್ಲಿ ಆ ಹನ್ನೊಂದು ಜನ ಇದ್ದರು. ಒಲಿಂಪಿಕ್ಸ್ ಸೆಮಿಫೈನಲ್‌ವರೆಗೂ ಹೋಗಿದ್ದರು. ಅವರಲ್ಲೊಬ್ಬರು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದು ಇಡೀ ಏಷ್ಯಾಕ್ಕೆ ಮೊದಲಿಗರಾದರು. ಅವರೇ ಮುಂಬೈನ ನೆವಿಲ್ ಡಿಸೋಜಾ. ಕ್ರಿಕೆಟಿಗರ ಜಾತಕವನ್ನೇ ಬಾಯಿಪಾಠ ಮಾಡಿಕೊಂಡವರಿಗೂ ಈ ಹೆಸರು ಗೊತ್ತಿರುವುದು ಕಡಿಮೆ.

ಗೋವಾದಲ್ಲಿ ಹುಟ್ಟು, ಬಾಂಬೆಯಲ್ಲಿ ಆಟ

ನೆವಿಲ್ ಹುಟ್ಟಿದ್ದು 1932ರ ಜೂನ್ 3ರಂದು, ಗೋವಾದ ಅಸಗಾಂವ್‌ನಲ್ಲಿ. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಅದು ಭಾರತಕ್ಕೆ ಸೇರಿದ್ದು 1961ರಲ್ಲಿ. ಅಂದರೆ ನೆವಿಲ್ ಭಾರತದ ಜೆರ್ಸಿ ತೊಟ್ಟು ಒಲಿಂಪಿಕ್ಸ್‌ನಲ್ಲಿ ಆಡುವಾಗ ಅವರು ಹುಟ್ಟಿದ ಊರು ಇನ್ನೂ ಭಾರತದ ಭೂಪಟದಲ್ಲಿ ಇರಲಿಲ್ಲ.

ಹುಟ್ಟೂರು ಗೋವಾ ಆದರೂ ಫುಟ್ಬಾಲ್ ಆಟಗಾರನಾಗಿ ಅವರು ಬೆಳೆದದ್ದು ಬಾಂಬೆಯಲ್ಲಿ. ಆಗಿನ ಬಾಂಬೆಯಲ್ಲಿ ಫುಟ್ಬಾಲ್ ಎಂದರೆ ಕೂಪರೇಜ್ ಮೈದಾನ, ಹಾರ್ವುಡ್ ಲೀಗ್ ಮತ್ತು 1891ರಲ್ಲಿ ಶುರುವಾದ ರೋವರ್ಸ್ ಕಪ್. ಈ ರೋವರ್ಸ್ ಕಪ್‌ಗೂ ಕನ್ನಡ ನಾಡಿಗೂ ನಂಟಿದೆ. ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದ ಈ ಕಪ್ ಅನ್ನು 1937ರಲ್ಲಿ ಕಸಿದುಕೊಂಡ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಬೆಂಗಳೂರಿಗೇ ಹೋಯಿತು.

ಸಂಬಳ ಆಟಕ್ಕಲ್ಲ, ಕೆಲಸಕ್ಕೆ

ಈಗಿನ ಐಎಸ್‌ಎಲ್ ಆಟಗಾರರಂತೆ ಆಗ ಕೋಟಿಗಳ ಒಪ್ಪಂದ ಇರಲಿಲ್ಲ. ಫುಟ್ಬಾಲ್ ಆಡಿಯೇ ಬದುಕುತ್ತೇನೆ ಎನ್ನುವ ದಾರಿಯೇ ಬಾಂಬೆಯಲ್ಲಿ ಇರಲಿಲ್ಲ. ದೊಡ್ಡ ಕಂಪನಿಗಳು, ಗಿರಣಿಗಳು ತಮ್ಮದೇ ತಂಡ ಕಟ್ಟುತ್ತಿದ್ದವು. ಚೆನ್ನಾಗಿ ಆಡುವ ಹುಡುಗರಿಗೆ ಕೆಲಸ ಕೊಟ್ಟು ಕರೆದುಕೊಳ್ಳುತ್ತಿದ್ದವು. ಮನೆ ನಡೆಯುತ್ತಿದ್ದದ್ದು ಆ ಕೆಲಸದ ಸಂಬಳದಿಂದ. ಆಟ ಅದರ ಜೊತೆಗೆ ಬರುತ್ತಿದ್ದ ಗೌರವ, ಅಷ್ಟೇ.

ನೆವಿಲ್ ಕೂಡ ಇದೇ ವ್ಯವಸ್ಥೆಯ ಆಟಗಾರ. ಅವರ ಹೆಸರು ಮೊದಲು ಜೋರಾಗಿ ಕೇಳಿಬಂದದ್ದು ಟಾಟಾ ಸ್ಪೋರ್ಟ್ಸ್ ಕ್ಲಬ್‌ನ ಸ್ಟ್ರೈಕರ್ ಆಗಿ. ನಂತರ ಅವರು ತೈಲ ಕಂಪನಿ ಕಾಲ್ಟೆಕ್ಸ್‌ನ ತಂಡಕ್ಕೆ ಹೋದರು. 1954ರಲ್ಲಿ ಬಾಂಬೆ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಾಗಲೂ ಅವರು ತಂಡದಲ್ಲಿದ್ದರು. ಅವರ ಸಹೋದರ ಡೆರೆಕ್ ಡಿಸೋಜಾ ಕೂಡ ಮುಂದೆ ಭಾರತದ ಪರ ಆಡಿದರು.

ಅದೇ ಹೊತ್ತಿನಲ್ಲಿ ಇಂಗ್ಲೆಂಡ್‌ನಲ್ಲಿ ಏನು ನಡೆಯುತ್ತಿತ್ತು ನೋಡಿ. ಅಲ್ಲಿನ ಫುಟ್ಬಾಲ್ ಲೀಗ್‌ನಲ್ಲಿ 92 ಕ್ಲಬ್‌ಗಳಿದ್ದವು. ಮೂರನೇ ಡಿವಿಷನ್‌ನ ಕೊನೆಯ ಸ್ಥಾನದಲ್ಲಿರುವ ಕ್ಲಬ್‌ ಕೂಡ ಆಟಗಾರನಿಗೆ ವಾರ ವಾರ ಸಂಬಳ ಕೊಡುತ್ತಿತ್ತು. ಅವರಿಗೂ ಕಷ್ಟ ಇತ್ತು, ಇಲ್ಲ ಎಂದಲ್ಲ. ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡಬಾರದು ಎಂಬ ಮಿತಿ ಇತ್ತು. ಆ ಮಿತಿ 1961ರಲ್ಲಿ ರದ್ದಾದಾಗ ವಾರಕ್ಕೆ ಕೇವಲ 20 ಪೌಂಡ್ ಇತ್ತು. ಆದರೂ ಅದು ಆಟಕ್ಕೇ ಸಿಗುತ್ತಿದ್ದ ಹಣ. ಹೆಸರೇ ಕೇಳದ ಊರಿನ ಡಿಫೆಂಡರ್ ಕೂಡ ತನ್ನ ಉದ್ಯೋಗ ಫುಟ್ಬಾಲ್ ಎಂದು ಹೇಳಿಕೊಳ್ಳಬಹುದಿತ್ತು. ಭಾರತದ ನಂಬರ್ ಒನ್ ಸ್ಟ್ರೈಕರ್‌ಗೆ ಆ ಅವಕಾಶ ಇರಲಿಲ್ಲ.

ಮೆಲ್ಬರ್ನ್‌ನ ಆ ದಿನ

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಿತ್ತು. ಆ ಒಂದು ಗೋಲು ಬಂದದ್ದು ಬೆಂಗಳೂರಿನ ಅಹ್ಮದ್ ಖಾನ್ ಅವರಿಂದ. ಆ ಸೋಲಿನ ಬಳಿಕ ಬೂಟ್ ಇಲ್ಲದೆ ಬರಿಗಾಲಲ್ಲಿ ಆಡುವ ಪದ್ಧತಿಗೆ ತೆರೆ ಬಿತ್ತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಕೋಚ್ ಆಗಿ ತಂಡವನ್ನು ಹೊಸದಾಗಿ ಕಟ್ಟಿದರು. ಅಜಯ್ ದೇವಗನ್ ಅಭಿನಯದ 'ಮೈದಾನ್' ಸಿನಿಮಾ ಇದೇ ರಹೀಂ ಅವರ ಕಥೆ.

1956ರಲ್ಲಿ ಮೆಲ್ಬರ್ನ್‌ಗೆ ಹೊರಟ ತಂಡದ ನಾಯಕ ಬಂಗಾಳದ ಸಮರ್ ಬ್ಯಾನರ್ಜಿ. ಬೆಂಗಳೂರಿನ ಕೆಂಪಯ್ಯ ತಂಡದಲ್ಲಿದ್ದರು. ಬಾಂಬೆಯಿಂದ ನೆವಿಲ್ ಜೊತೆ ಗೋಲ್‌ಕೀಪರ್ ಎಸ್.ಎಸ್. ನಾರಾಯಣ್ ಇದ್ದರು. ಠಾಣೆಯ ಓದುಗರಿಗೆ ಇದು ಹತ್ತಿರದ ಹೆಸರು. ನಾರಾಯಣ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಠಾಣೆಯಲ್ಲೇ, 2021ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಮೊದಲ ಸುತ್ತಿನ ಎದುರಾಳಿ ಹಂಗೇರಿ ಹಿಂದೆ ಸರಿದಿದ್ದರಿಂದ ಭಾರತ ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತು. ಡಿಸೆಂಬರ್ 1ರಂದು ಎದುರಿಗೆ ನಿಂತದ್ದು ಆತಿಥೇಯ ಆಸ್ಟ್ರೇಲಿಯಾ. ಮೈದಾನ ಅವರದ್ದು, ಜನ ಅವರ ಕಡೆಯವರು.

9ನೇ ನಿಮಿಷದಲ್ಲಿ ನೆವಿಲ್ ಮೊದಲ ಗೋಲು ಹೊಡೆದರು. ಆಸ್ಟ್ರೇಲಿಯಾ ಸಮ ಮಾಡಿಕೊಂಡಿತು. 33ನೇ ನಿಮಿಷದಲ್ಲಿ ನೆವಿಲ್ ಮತ್ತೆ ಭಾರತಕ್ಕೆ ಮುನ್ನಡೆ ತಂದರು. ಆಸ್ಟ್ರೇಲಿಯಾ ಮತ್ತೆ ಸಮ ಮಾಡಿತು. ವಿರಾಮದ ಬಳಿಕ 50ನೇ ನಿಮಿಷದಲ್ಲಿ ಅವರ ಮೂರನೇ ಗೋಲು ಬಂತು. ಈ ಸಲ ಆಸ್ಟ್ರೇಲಿಯಾದಿಂದ ಉತ್ತರ ಬರಲಿಲ್ಲ. ಕೊನೆಯಲ್ಲಿ ಕಿಟ್ಟು ನಾಲ್ಕನೇ ಗೋಲು ಸೇರಿಸಿದರು. ಭಾರತ 4-2ರಿಂದ ಗೆದ್ದಿತು.

ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಏಷ್ಯಾದ ಆಟಗಾರನೊಬ್ಬ ಹ್ಯಾಟ್ರಿಕ್ ಗಳಿಸಿದ್ದು ಅದೇ ಮೊದಲು. ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ಎಂಬ ಹೆಗ್ಗಳಿಕೆಯೂ ಭಾರತದ್ದಾಯಿತು. ಆ ಟೂರ್ನಿಯಲ್ಲಿ ಆಡಿದ್ದು 11 ತಂಡಗಳು ಮಾತ್ರ ಎಂಬುದು ನಿಜ. ಆದರೆ ಫುಟ್ಬಾಲ್‌ನ ತವರಾದ ಗ್ರೇಟ್ ಬ್ರಿಟನ್ ತನ್ನ ಹವ್ಯಾಸಿ ತಂಡದೊಂದಿಗೆ ಬಂದು ಅದೇ ಕ್ವಾರ್ಟರ್ ಫೈನಲ್‌ನಲ್ಲಿ ಬಲ್ಗೇರಿಯಾ ಎದುರು 1-6ರಿಂದ ಸೋತು ಮನೆಗೆ ಹೋಗಿತ್ತು.

ಮುನ್ನಡೆ ಕೊಟ್ಟರೂ ಕೈತಪ್ಪಿದ ಪದಕ

ಡಿಸೆಂಬರ್ 4ರ ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ತುಂಬಿಸಿದ್ದ ತಂಡಕ್ಕೆ ಈ ಸಲ ಮೊದಲಾರ್ಧದಲ್ಲಿ ಒಂದೂ ಗೋಲು ಸಿಗಲಿಲ್ಲ. 52ನೇ ನಿಮಿಷದಲ್ಲಿ ನೆವಿಲ್ ಗೋಲು ಹೊಡೆದೇಬಿಟ್ಟರು. ಭಾರತ 1-0. ಒಲಿಂಪಿಕ್ಸ್ ಫೈನಲ್‌ಗೆ ಉಳಿದಿದ್ದು ಇನ್ನು 40 ನಿಮಿಷವೂ ಇಲ್ಲ.

ಆ ಮುನ್ನಡೆ ಎರಡು ಮೂರು ನಿಮಿಷಗಳಲ್ಲೇ ಕರಗಿತು. ಯುಗೊಸ್ಲಾವಿಯಾ ಒಂದರ ಹಿಂದೆ ಒಂದು ಗೋಲು ಹೊಡೆಯಿತು. ಭಾರತದ ಕಡೆಯಿಂದ ಒಂದು ಸ್ವಂತ ಗೋಲೂ ಆಯಿತು. ಪಂದ್ಯ 1-4ರಿಂದ ಹೋಯಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ 3-0ಯಿಂದ ಗೆದ್ದಿತು. ಭಾರತಕ್ಕೆ ನಾಲ್ಕನೇ ಸ್ಥಾನ.

ನೆವಿಲ್ ಒಟ್ಟು ನಾಲ್ಕು ಗೋಲು ಗಳಿಸಿದ್ದರು. ಟೂರ್ನಿಯಲ್ಲಿ ಅದಕ್ಕಿಂತ ಹೆಚ್ಚು ಗೋಲು ಹೊಡೆದವರು ಯಾರೂ ಇಲ್ಲ. ಯುಗೊಸ್ಲಾವಿಯಾದ ಟೊಡೊರ್ ವೆಸೆಲಿನೊವಿಚ್, ಬಲ್ಗೇರಿಯಾದ ಡಿಮಿಟರ್ ಮಿಲನೊವ್ ಜೊತೆ ಅವರು ಅಗ್ರಸ್ಥಾನ ಹಂಚಿಕೊಂಡರು. ಆ ಇಬ್ಬರೂ ತಮ್ಮ ದೇಶಕ್ಕೆ ಪದಕದೊಂದಿಗೆ ಮರಳಿದರು. ನೆವಿಲ್ ಬರಿಗೈಯಲ್ಲಿ ಮತ್ತೆ ಬಾಂಬೆಯ ಕಂಪನಿ ಫುಟ್ಬಾಲ್‌ಗೆ ಬಂದರು.

ಕಾಲ್ಟೆಕ್ಸ್ ಗೆಲುವು, ಆಮೇಲೆ ಮೌನ

1958ರಲ್ಲಿ ಕಾಲ್ಟೆಕ್ಸ್ ರೋವರ್ಸ್ ಕಪ್ ಗೆದ್ದಿತು. ಕೋಲ್ಕತ್ತಾ, ಹೈದರಾಬಾದಿನ ದೈತ್ಯ ತಂಡಗಳ ನಡುವೆ ಕಂಪನಿ ತಂಡವೊಂದು ಕಪ್ ಎತ್ತಿದ್ದು ಸಣ್ಣ ಮಾತಲ್ಲ. ನೆವಿಲ್ ಅವರ ಕ್ಲಬ್ ಬದುಕಿನ ದೊಡ್ಡ ಗೆಲುವು ಇದು.

1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಕೆಂಪಯ್ಯ, ನಾರಾಯಣ್ ಇದ್ದರು. ನೆವಿಲ್ ಇರಲಿಲ್ಲ. ಆಗ ಅವರಿಗೆ 28 ವರ್ಷ. 1961ರಲ್ಲಿ ಅರ್ಜುನ ಪ್ರಶಸ್ತಿ ಶುರುವಾಯಿತು. ಮೆಲ್ಬರ್ನ್ ತಂಡದ ಪಿ.ಕೆ. ಬ್ಯಾನರ್ಜಿ, ಬಲರಾಂ, ತಂಗರಾಜ್ ಅವರಿಗೆಲ್ಲ ಆ ಗೌರವ ಬಂತು. ಆ ಪಟ್ಟಿಯಲ್ಲೂ ನೆವಿಲ್ ಹೆಸರಿಲ್ಲ.

1980ರ ಮಾರ್ಚ್ 16ರಂದು ಅವರು ತೀರಿಕೊಂಡರು. ವಯಸ್ಸು 47 ಮಾತ್ರ.

ಅವರು ಹೋದ 16 ವರ್ಷಗಳ ನಂತರ, 1996ರಲ್ಲಿ ದೇಶದಲ್ಲಿ ರಾಷ್ಟ್ರೀಯ ಫುಟ್ಬಾಲ್ ಲೀಗ್ ಬಂತು. 2014ರಲ್ಲಿ ಐಎಸ್‌ಎಲ್ ಬಂತು. ಇವತ್ತು ಬೆಂಗಳೂರು ಎಫ್‌ಸಿಗೆ ಸಹಿ ಹಾಕುವ ಹುಡುಗ ತನ್ನ ಉದ್ಯೋಗ ಫುಟ್ಬಾಲ್ ಎಂದು ಹೇಳಬಲ್ಲ. ಇತ್ತ ರೋವರ್ಸ್ ಕಪ್ 2000ದ ದಶಕದ ಆರಂಭದಲ್ಲೇ ನಿಂತುಹೋಯಿತು. ಕೆಲಸ ಕೊಟ್ಟು ಆಡಿಸುತ್ತಿದ್ದ ಎಷ್ಟೋ ಕಂಪನಿ, ಗಿರಣಿ ತಂಡಗಳು ಇಂದು ಇಲ್ಲ. ತಂಡವೇ ಇಲ್ಲವೆಂದ ಮೇಲೆ ಅದರ ಆಟಗಾರನನ್ನು ನೆನೆಯುವ ಅಭಿಮಾನಿ ಬಳಗವೂ ಉಳಿಯಲಿಲ್ಲ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ನ ಹಳೆಯ ಆಟಗಾರರನ್ನು ಕೋಲ್ಕತ್ತಾ ಇಂದಿಗೂ ಹೆಸರು ಹಿಡಿದು ಕರೆಯುತ್ತದೆ. ಕಾಲ್ಟೆಕ್ಸ್‌ನ ಸ್ಟ್ರೈಕರ್‌ಗೆ ಆ ಭಾಗ್ಯ ಇರಲಿಲ್ಲ.

ರೋಮ್ ನಂತರ ಭಾರತದ ಪುರುಷರ ಫುಟ್ಬಾಲ್ ತಂಡ ಒಲಿಂಪಿಕ್ಸ್‌ಗೆ ಹೋಗಿಲ್ಲ. ಹಾಗಾಗಿ ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಏಕೈಕ ಭಾರತೀಯ ಫುಟ್ಬಾಲಿಗ ಇಂದಿಗೂ ನೆವಿಲ್ ಡಿಸೋಜಾ. 2032ಕ್ಕೆ ಅವರು ಹುಟ್ಟಿ ನೂರು ವರ್ಷ ತುಂಬುತ್ತದೆ. ಅವರು ಬೆಳೆದು ಆಡಿದ ನಗರಕ್ಕೆ ಆ ದಿನ ನೆನಪಿರುತ್ತದೆಯೇ?