ನೀರ್ ಸಾಬ್ – ದಿವಂಗತ ಅಬ್ದುಲ್ ನಜೀರ್ ಸಾಹೇಬರು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಈ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಾಡಿಗೆ ಉಪಕಾರ ಮಾಡಿದ ಹಿರಿಯರೊಬ್ಬರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಅಂತ ಅಧ್ಯಕ್ಷರೂ ಕಾರ್ಯದರ್ಶಿಯವರೂ ನಮಗೆ ಹೇಳಿದರು. ನಾವು ಓದಿರುವುದು ಎಸ್.ಎಸ್.ಎಲ್.ಸಿ. ತನಕ. ಹಸು ಕಟ್ಟುವುದು, ಹೊಲ ಗೇಯುವುದು ನಮ್ಮ ಕಸುಬು, ಬರವಣಿಗೆ ಅಲ್ಲ. ತಪ್ಪಿದ್ದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಗಾಂಧೀಜಿಯವರ ಬಗ್ಗೆ, ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯಲು ಓದಿದವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಮನಸ್ಸಿಗೆ ಬಂದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಹೇಬರು. ಹಾಲಿನ ಸಂಘಕ್ಕೂ ಅವರಿಗೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಕರೆಯುವ ಸೀಮೆಹಸು ದಿನಕ್ಕೆ ಐದಾರು ಬಿಂದಿಗೆ ನೀರು ಕುಡಿಯುತ್ತದೆ. ಊರಲ್ಲಿ ನೀರಿಲ್ಲದಿದ್ದರೆ ಹಾಲೂ ಇಲ್ಲ, ಡೈರಿಯೂ ಇಲ್ಲ, ಈ ಬೆಳ್ಳಿಹಬ್ಬವೂ ಇಲ್ಲ. ನಮ್ಮಂಥ ಹಳ್ಳಿಗಳ ಬೀದಿಗೆ ನೀರು ಬರುವಂತೆ ಮಾಡಿದವರಲ್ಲಿ ಇವರು ಮೊದಲಿಗರು. ನೀರಿಗಿಂತ ದೊಡ್ಡದೊಂದನ್ನೂ ಅವರು ಕೊಟ್ಟುಹೋದರು. ಅದು ಏನೆಂದು ಮುಂದೆ ಬರೆಯುತ್ತೇವೆ.

ಸಾಹೇಬರು ಗುಂಡ್ಲುಪೇಟೆಯವರು. ಈಗ ಅದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ಅವರ ಕಾಲದಲ್ಲಿ ಮೈಸೂರು ಜಿಲ್ಲೆಯಲ್ಲಿತ್ತು. ಹೊಸ ಜಿಲ್ಲೆ ಆದದ್ದು 1997ರಲ್ಲಿ. ಬಂಡೀಪುರದ ಕಾಡಿನ ಪಕ್ಕದ ಆ ಸೀಮೆ ಮಳೆ ಕಡಿಮೆ ಬೀಳುವ ಸೀಮೆ. ಅಲ್ಲಿಯವರಿಗೆ ನೀರಿನ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತಲ್ಲ, ಆ ಜನತಾ ಸರ್ಕಾರದಲ್ಲಿ ಸಾಹೇಬರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು.

ಆ ವರ್ಷಗಳನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಮೇಲಿಂದ ಮೇಲೆ ಬರ. ಕೆರೆ ಬಿರುಕು ಬಿಟ್ಟಿತ್ತು. ಸೇದೋ ಬಾವಿಯಲ್ಲಿ ಹಗ್ಗ ಸಾಲದೆ ಹಗ್ಗಕ್ಕೆ ಹಗ್ಗ ಗಂಟು ಹಾಕುತ್ತಿದ್ದರಂತೆ. ನಮ್ಮ ತಾಯಿಯವರು ಕೋಳಿ ಕೂಗುವ ಮುಂಚೆ ಎದ್ದು ಹಳ್ಳದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಬಳಿದು ಬಳಿದು ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದರು. ಕಾಲೋನಿಯವರ ಪಾಡು ಇನ್ನೂ ಕಷ್ಟ. ಊರ ಬಾವಿಗೆ ಅವರು ಹಗ್ಗ ಬಿಡುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ಬಿಸಿಲಲ್ಲಿ ನಿಂತಿರಬೇಕಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದನ್ನು ಇಲ್ಲ ಅನ್ನಲಾಗದು.

ಸಾಹೇಬರು ಮೊದಲು ಕೈಹಾಕಿದ್ದು ಇದಕ್ಕೆ. 250 ಜನಕ್ಕೆ ಒಂದು ಕೊಳವೆ ಬಾವಿ, ತಲೆಗೆ ದಿನಕ್ಕೆ 40 ಲೀಟರ್ ನೀರು ಅನ್ನುವ ಲೆಕ್ಕ ಸರ್ಕಾರದ ಕಾಗದದಲ್ಲಿ ಇತ್ತು. ಅದನ್ನು ಕಾಗದದಿಂದ ಎಬ್ಬಿಸಿ ಊರಿಗೆ ತಂದವರು ಅವರು. ಬೋರ್ ಕೊರೆಯುವ ಲಾರಿಗಳು ದಾರಿಯೇ ಇಲ್ಲದ ಹಳ್ಳಿಗಳಿಗೂ ಹೊರಟವು. ನಮ್ಮೂರಿಗೆ ಲಾರಿ ಬಂದಾಗ ನಮಗೆ ಐದು ವರ್ಷ. ರಾತ್ರಿಯೆಲ್ಲಾ ಗುಡುಗುಡು ಸದ್ದು, ಬಿಳೀ ಪುಡಿ ಮೋಡದ ಹಾಗೆ ಎದ್ದದ್ದು, ಬೆಳಗಿನ ಜಾವ ಕೆಸರು ನೀರು ಚಿಮ್ಮಿದಾಗ ಹೆಂಗಸರು ಅರಿಸಿನ ಕುಂಕುಮ ತಂದು ಪೂಜೆ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಬೋರ್ ಮಾರಮ್ಮನ ಗುಡಿ ಹತ್ತಿರ, ಇನ್ನೊಂದು ಕಾಲೋನಿಯಲ್ಲಿ. ಆವತ್ತಿನಿಂದ ಕಾಲೋನಿಯ ಹೆಂಗಸರು ನೀರಿಗಾಗಿ ಯಾರ ಮುಖವನ್ನೂ ನೋಡಿಕೊಂಡು ನಿಲ್ಲಬೇಕಾಗಲಿಲ್ಲ.

ಜನ ಅವರನ್ನು ನೀರ್ ಸಾಬ್ ಅಂತ ಕರೆದರು. ಸರ್ಕಾರ ಕೊಡುವ ಬಿರುದು ಬಾವಲಿಗಿಂತ ಇದು ದೊಡ್ಡದು. ಕೆರೆ ಬಾವಿಯ ನೀರಿನಿಂದ ಬರುತ್ತಿದ್ದ ನಾರುಹುಣ್ಣು ನಮ್ಮ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆಗ ಇನ್ನೂ ಇತ್ತು. ಅದು ಅಳಿದುಹೋಗಲು ಇಂಥ ಕೈಪಂಪುಗಳ ಶುದ್ಧ ನೀರೂ ಒಂದು ಕಾರಣ. ದೇಶದಲ್ಲಿ ಅದರ ಕೊನೆಯ ರೋಗಿ ಕಂಡದ್ದು 1996ರಲ್ಲಿ.

ಆದರೆ ಬೋರ್ ಕೊರೆಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೈಪಂಪು ಕಬ್ಬಿಣದ್ದು. ದಿನಕ್ಕೆ ನೂರಾರು ಬಿಂದಿಗೆ ಹೊಡೆದರೆ ಒಳಗಿನ ವಾಷರ್ ಸವೆಯುತ್ತದೆ, ಹಿಡಿಯ ಚೈನ್ ತುಂಡಾಗುತ್ತದೆ. ಉದ್ದುದ್ದ ರಾಡು, ಪೈಪು ಮೇಲೆತ್ತಿ ರಿಪೇರಿ ಮಾಡಲು ಸಾಮಾನು ಬೇಕು, ಕಲಿತವರು ಬೇಕು. ಪಂಪು ಕೆಟ್ಟಿದೆ ಅಂತ ಯಾರಿಗೆ ಹೇಳುವುದು? ಊರಿನ ದೂರುಗಳೆಲ್ಲ ಇಂಥವೇ. ಪಂಪು ಕೆಟ್ಟಿದೆ, ಮೇಷ್ಟ್ರು ಬರ್ತಿಲ್ಲ, ಆಸ್ಪತ್ರೇಲಿ ಡಾಕ್ಟರಿಲ್ಲ, ದನದ ಆಸ್ಪತ್ರೇಲಿ ಔಷಧಿ ಇಲ್ಲ, ಚರಂಡಿ ಕಟ್ಟಿಕೊಂಡಿದೆ. ಕೇಳುವವರಿಗೆ ಸಣ್ಣ ಸಂಗತಿ, ಅನುಭವಿಸುವವರಿಗೆ ದಿನನಿತ್ಯದ ನರಕ.

ಆಗ ಇದ್ದದ್ದು 1959ರ ಕಾಯ್ದೆಯ ವ್ಯವಸ್ಥೆ. ಊರಲ್ಲಿ ಗ್ರಾಮ ಪಂಚಾಯಿತಿ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ತಾಲ್ಲೂಕಿನಲ್ಲಿ ಬೋರ್ಡು ಇತ್ತು. ಜಿಲ್ಲೆಯಲ್ಲಿ ಒಂದು ಪರಿಷತ್ತು, ಅದಕ್ಕೆ ಡಿ.ಸಿ. ಸಾಹೇಬರೇ ಯಜಮಾನರು. ನಮ್ಮ ತಂದೆಯವರು ಒಂದು ಅರ್ಜಿ ಹಿಡಿದುಕೊಂಡು ಬಿ.ಡಿ.ಓ. ಆಫೀಸಿಗೆ ಆರು ಸಲ ಹೋಗಿದ್ದರಂತೆ. ಬಸ್ ಚಾರ್ಜು ಕೊಟ್ಟದ್ದು ಲೆಕ್ಕ ಹಾಕಿದರೆ ಆ ದುಡ್ಡಲ್ಲಿ ಪಂಪಿನ ವಾಷರೇ ಬರುತ್ತಿತ್ತು ಅಂತ ನಗುತ್ತಿದ್ದರು. ಅರ್ಜಿ ತೆಗೆದುಕೊಂಡವರಿಗೆ ನಮ್ಮ ಓಟು ಬೇಕಿರಲಿಲ್ಲ, ವರ್ಗವಾದರೆ ನಮ್ಮ ಮುಖ ನೋಡುವ ಗೋಜೂ ಇರಲಿಲ್ಲ.

ಸಾಹೇಬರು ಮಾಡಿದ ದೊಡ್ಡ ಕೆಲಸ ಇಲ್ಲಿದೆ. ಊರಿನ ದೂರಿಗೆ ಉತ್ತರ ಹೇಳುವವನು ಊರಿನ ಹತ್ತಿರದಲ್ಲೇ ಇರಬೇಕು, ಅವನ ಕೈಯಲ್ಲಿ ಅಧಿಕಾರವೂ ಹಣವೂ ಇರಬೇಕು, ಅವನು ಮತ್ತೆ ನಮ್ಮ ಮನೆ ಬಾಗಿಲಿಗೆ ಓಟು ಕೇಳಲು ಬರುವವನಾಗಿರಬೇಕು. ಇದಕ್ಕಾಗಿ 1983ರಲ್ಲಿ ಹೊಸ ಕಾಯ್ದೆ ತಂದರು. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ, ನ್ಯಾಯ ಪಂಚಾಯಿತಿ ಅಂತ ಅದರಲ್ಲಿ ಇತ್ತು. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಹೇಳಿದ್ದ ಮಂಡಲದ ವಿಚಾರವನ್ನು ಅವರು ಇಲ್ಲಿ ಜಾರಿಗೆ ತಂದರು.

ಇದು ಸುಲಭವಾಗಿ ಆಗಲಿಲ್ಲ. ಅಧಿಕಾರ ಕೆಳಗೆ ಇಳಿಯುವುದು ಮೇಲಿದ್ದವರಿಗೆ ಹಿಡಿಸಲಿಲ್ಲ. ಶಾಸಕರಲ್ಲಿ ಅನೇಕರಿಗೆ ಅಸಮಾಧಾನ, ಅಧಿಕಾರಿಗಳಲ್ಲಿ ಅನೇಕರಿಗೆ ಮುನಿಸು. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ನಾಲ್ಕು ವರ್ಷ ಹಿಡಿದ ಪಟ್ಟು ಬಿಡದೆ ಸಾಹೇಬರು ಅದನ್ನು ದಡ ಮುಟ್ಟಿಸಿದರು. ಕೆಲವು ಜಿಲ್ಲೆಗಳಲ್ಲಿ ಆಗಿನ ವಿರೋಧ ಪಕ್ಷದವರೇ ಗೆದ್ದರು. ಹಾಗಂತ ಅವರಿಗೆ ಕೊಡಬೇಕಾದ ಅಧಿಕಾರವನ್ನು ತಡೆಹಿಡಿಯಲಿಲ್ಲ.

ಆ ಚುನಾವಣೆಯಿಂದ ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು ಆದವು. ಎಂಟರಿಂದ ಹನ್ನೆರಡು ಸಾವಿರ ಜನಕ್ಕೆ ಒಂದು ಮಂಡಲ, ಮಲೆನಾಡಿನಲ್ಲಿ ಇನ್ನೂ ಚಿಕ್ಕದು. ರಾಜ್ಯದಲ್ಲಿ 50,000ಕ್ಕೂ ಹೆಚ್ಚು ಜನ ಸದಸ್ಯರಾದರು. ಹೆಂಗಸರಿಗೆ ಶೇಕಡಾ 25, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇಕಡಾ 18 ಸ್ಥಾನ ಮೀಸಲು. ಹೊಸ್ತಿಲು ದಾಟದ ಹೆಣ್ಣುಮಕ್ಕಳು ಸುಮಾರು 14,000 ಜನ ಒಂದೇ ಸಲಕ್ಕೆ ಕುರ್ಚಿಯ ಮೇಲೆ ಕೂತರು. ದೇಶದಲ್ಲಿ ಇನ್ನೂ ಇದರ ಕಾನೂನು ಬಂದಿರಲಿಲ್ಲ ಅನ್ನುವುದನ್ನು ನೆನಪಿಡಬೇಕು.

ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಅವರ ಕೈಕೆಳಗೆ ಕೆಲಸ ಮಾಡಲು ಡಿ.ಸಿ.ಗಿಂತ ಹಿರಿಯ ಐ.ಎ.ಎಸ್. ಅಧಿಕಾರಿಯನ್ನು ಮುಖ್ಯ ಕಾರ್ಯದರ್ಶಿ ಮಾಡಿ ಕೂರಿಸಿದರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ದನದ ಆಸ್ಪತ್ರೆ, ಕುಡಿಯುವ ನೀರು ಎಲ್ಲವೂ ಪರಿಷತ್ತಿನ ಕೆಳಗೆ ಬಂದವು. ವರ್ಷಕ್ಕೆ ಎರಡು ಸಲ ಗ್ರಾಮ ಸಭೆ ಸೇರಿಸಬೇಕು, ಓಟಿನ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು ಅಂತ ಆಯಿತು.

ಫಲ ಏನು ಸಿಕ್ಕಿತು? 1989ರಲ್ಲಿ ಕೆ.ಎಸ್. ಕೃಷ್ಣಸ್ವಾಮಿಯವರ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ಪರಿಶೀಲಿಸಿ ವರದಿ ಕೊಟ್ಟಿತು. ಹಳ್ಳಿಗಳಲ್ಲಿ ಮೇಷ್ಟ್ರುಗಳೂ ಡಾಕ್ಟರುಗಳೂ ಮೊದಲಿಗಿಂತ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದಾರೆ ಅನ್ನುವುದು ಅದರಲ್ಲಿ ಕಂಡ ಮುಖ್ಯ ಸಂಗತಿ. ಹೊಸ ಮೇಷ್ಟ್ರು, ಹೊಸ ಡಾಕ್ಟರು ಬರಲಿಲ್ಲ, ಇದ್ದವರೇ ಬರತೊಡಗಿದರು. ಯಾಕೆಂದರೆ ಬಂದರೋ ಇಲ್ಲವೋ ಅಂತ ನೋಡುವ ಕಣ್ಣು ಬೆಂಗಳೂರಿನಿಂದ ಊರಿಗೆ ಬಂದಿತ್ತು. ಪಂಪು ಕೆಟ್ಟರೆ ಮಂಡಲದ ಪ್ರಧಾನರ ಮನೆ ಜಗಲಿಗೆ ಹೋಗಿ ಕೂರಬಹುದಾಗಿತ್ತು, ಬಸ್ ಚಾರ್ಜು ಬೇಕಿರಲಿಲ್ಲ.

ಎಲ್ಲವೂ ಚಿನ್ನವಾಗಿತ್ತು ಅಂತ ನಾವು ಬರೆಯುವುದಿಲ್ಲ. ಬಹಳ ಕಡೆ ಊರಿನ ದೊಡ್ಡ ಹಿಡುವಳಿದಾರರೇ ಪ್ರಧಾನರಾದರು. ಎಷ್ಟೋ ಕಡೆ ಹೆಂಗಸರ ಬದಲು ಗಂಡಂದಿರು ಸಭೆಯಲ್ಲಿ ಮಾತಾಡಿದರು. ನ್ಯಾಯ ಪಂಚಾಯಿತಿ ಕಾಗದದಲ್ಲೇ ಉಳಿಯಿತು. ಕೊರೆದ ಕಡೆಯೆಲ್ಲಾ ನೀರು ಬೀಳಲಿಲ್ಲ. ಮುಂದೆ ಹೊಲ ತೋಟಕ್ಕೆ ಎಲ್ಲರೂ ಬೋರ್ ಹಾಕಿಸಿ ಅಂತರ್ಜಲ ಪಾತಾಳಕ್ಕೆ ಹೋಯಿತು. ಪಾವಗಡ, ಮುಂಡರಗಿ, ಕೋಲಾರದ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಬಂದು ಜನರ ಹಲ್ಲು ಮೂಳೆ ಹಾಳಾದವು. ಇದರಲ್ಲಿ ನಮ್ಮೆಲ್ಲರ ಆಸೆಯ ಪಾಲೂ ಇದೆ.

ಸಾಹೇಬರು ಇದನ್ನೆಲ್ಲ ನೋಡಿ ತಿದ್ದುವಷ್ಟು ದಿನ ಬದುಕಲಿಲ್ಲ. ಕ್ಯಾನ್ಸರ್ ರೋಗ ಬಂದು 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರು ನೆಟ್ಟ ಮಂಡಲ ಪಂಚಾಯಿತಿಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. 1992ರಲ್ಲಿ ಮಂಡಲಗಳ ಅವಧಿ ಮುಗಿದ ಮೇಲೆ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಹಾಕಿದರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂದು 1993ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಪಂಚಾಯಿತಿ ಕಡ್ಡಾಯವಾಯಿತು. ಕರ್ನಾಟಕದ ಅನುಭವವೂ ಅದಕ್ಕೆ ದಾರಿ ತೋರಿಸಿತ್ತು. ಅದೇ ವರ್ಷ ನಮ್ಮ ರಾಜ್ಯದ ಹೊಸ ಕಾಯ್ದೆ ಬಂದು ಈಗಿನ ಗ್ರಾಮ ಪಂಚಾಯಿತಿಗಳು ಆದವು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಸಾಹೇಬರ ಹೆಸರನ್ನೇ ಇಟ್ಟಿದ್ದಾರೆ.

ಈಗ ನಮ್ಮ ಮಾತು. ಕೆಲವು ವರ್ಷದ ಹಿಂದೆ ಕಾಲೋನಿಯ ಅದೇ ಕೈಪಂಪು ಕೆಟ್ಟಿತು. ನಲ್ಲಿ ನೀರು ಬಾರದ ದಿನ ಅವರಿಗೆ ಅದೇ ಗತಿ. ಹಾಲು ಹಾಕಲು ಬಂದ ಹೆಂಗಸರು, ಅಣ್ಣ, ನೀವು ನಾಲ್ಕು ಜನಕ್ಕೆ ಬೇಕಾದವರು, ಪಂಚಾಯಿತಿಗೆ ಒಂದು ಸಲ ನಮ್ಮ ಜೊತೆ ಬನ್ನಿ ಅಂತ ಕೇಳಿದರು. ಆಗ ಅಧಿಕಾರದಲ್ಲಿದ್ದವರು ನಮಗೆ ನೆಂಟರು. ಮನಸ್ತಾಪ ಯಾಕೆ ಅಂತ ನಾವು ಹೋಗಲಿಲ್ಲ. ನಾಳೆ, ನಾಡಿದ್ದು ಅಂತ ಮೂರು ತಿಂಗಳು ತಳ್ಳಿದೆವು. ಕೊನೆಗೆ ಆ ಹೆಂಗಸರೇ ಹತ್ತು ಜನ ಖಾಲಿ ಬಿಂದಿಗೆ ತೆಗೆದುಕೊಂಡು ಹೋಗಿ ಗ್ರಾಮ ಸಭೆಯಲ್ಲಿ ಕೂತರು. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿಕೊಂಡೇ ಎದ್ದರು. ಒಂದೇ ವಾರದಲ್ಲಿ ಪಂಪು ರಿಪೇರಿಯಾಯಿತು. ಸಾಹೇಬರು ಮಾಡಿಟ್ಟ ಬಾಗಿಲು ತೆರೆದೇ ಇತ್ತು, ನಾವು ಒಳಗೆ ಹೋಗಲಿಲ್ಲ ಅಷ್ಟೆ. ಆ ತಾಯಂದಿರ ಮುಂದೆ ನಮಗೆ ಇವತ್ತಿಗೂ ತಲೆ ಎತ್ತಲು ಆಗುವುದಿಲ್ಲ. ಈ ಸಂಚಿಕೆಯ ಮೂಲಕ ಅವರ ಕ್ಷಮೆ ಕೇಳುತ್ತೇವೆ.

ನಮ್ಮ ಸಂಘದಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಸದಸ್ಯರು ಅಲ್ಲೇ ನಿಂತು ಕೇಳುತ್ತಾರೆ. ಬಟವಾಡೆ ಒಂದು ದಿನ ತಡವಾದರೆ ಕಾರ್ಯದರ್ಶಿಯವರಿಗೆ ನಿದ್ದೆ ಇಲ್ಲ. ವಾರ್ಷಿಕ ಮಹಾಸಭೆಗೆ ಕುರ್ಚಿ ಸಾಲುವುದಿಲ್ಲ. ಹಾಗೆ ಕೇಳಿದ್ದರಿಂದಲೇ ಸಂಘ ಇಪ್ಪತ್ತೈದು ವರ್ಷ ನಿಂತಿದೆ. ಅದೇ ನಾವು ಗ್ರಾಮ ಸಭೆಗೆ ಹೋಗುವುದಿಲ್ಲ, ಹೋದರೂ ಬಾಯಿ ಬಿಡುವುದಿಲ್ಲ, ಆಮೇಲೆ ಟೀ ಅಂಗಡಿಯಲ್ಲಿ ಬೈಯುತ್ತೇವೆ. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳ ಕೈಯಲ್ಲೇ ಆಡಳಿತ ನಡೆಯಿತು. ನಮ್ಮಲ್ಲಿ ಎಷ್ಟು ಜನ ಅದನ್ನು ಕೇಳಿದೆವು? ಕೇಳುವವರಿಲ್ಲದ ಮನೆಗೆ ಬೀಗ ಬೀಳಲು ಬಹಳ ದಿನ ಬೇಡ.

ಸಾಹೇಬರ ಕಾಲದ ಕೈಪಂಪುಗಳು ಒಂದೊಂದಾಗಿ ತುಕ್ಕು ಹಿಡಿದು ಹೋಗುತ್ತಿವೆ, ಹೋಗಲಿ. ಮನೆಮನೆಗೆ ನಲ್ಲಿ ಬಂದಿದೆ, ಸಂತೋಷ. ಆದರೆ ನಲ್ಲಿಯೂ ಕೆಡುತ್ತದೆ. ಕೆಟ್ಟಾಗ ಎಲ್ಲಿ ಹೋಗಿ ಕೂತು ಕೇಳಬೇಕು ಅನ್ನುವುದನ್ನು ಮಕ್ಕಳಿಗೆ ನಾವು ಹೇಳಿಕೊಡಬೇಕು. ಮುಂದಿನ ಗ್ರಾಮ ಸಭೆಗೆ ಸಂಘದ ಸದಸ್ಯರೆಲ್ಲ ಸಾಯಂಕಾಲದ ಹಾಲು ಹಾಕುವ ಮುಂಚೆ ತಪ್ಪದೆ ಬರಬೇಕೆಂದು ಬೇಡಿಕೊಳ್ಳುತ್ತೇವೆ. ಈ ಸಲ ನಾವು ಮುಂದಿನ ಸಾಲಿನಲ್ಲಿ ಕೂತಿರುತ್ತೇವೆ.



– ಸಂಘದ ನಿರ್ದೇಶಕರಲ್ಲಿ ಒಬ್ಬರು